ಹೊಳೆಯನ್ನೇ ನಂಬಿದ ರಾಜಧಾನಿ

ಬ್ರೆಜಿಲ್‌ನ ಮನೌಸ್ ನಗರದ ಬಂದರಿನಲ್ಲಿ ಒಂದು ಗೋಡೆಯಿದೆ. ಅದರ ಮೇಲೆ ಇಸವಿಗಳನ್ನು ಬರೆದು ಗೆರೆ ಎಳೆದಿದ್ದಾರೆ. ಆಯಾ ವರ್ಷ ಹೊಳೆ ಎಲ್ಲಿಯವರೆಗೆ ಏರಿತ್ತು ಎಂಬುದರ ಗುರುತು ಅದು. 1953ರ ಮಹಾನೆರೆಯ ಗೆರೆಯನ್ನು ಮೀರಲು ನೀರಿಗೆ ಐವತ್ತಾರು ವರ್ಷ ಬೇಕಾಯಿತು. ಆಮೇಲೆ ಮಾತ್ರ ಅವಸರವೋ ಅವಸರ. 2009, 2012, 2021, ಮೂರು ಸಲವೂ ಹೊಸ ದಾಖಲೆ. 2021ರ ಜೂನ್‌ನಲ್ಲಿ ಮಾಪಕ ತೋರಿಸಿದ್ದು 30.02 ಮೀಟರ್. 1902ರಿಂದ ಇಟ್ಟುಕೊಂಡು ಬಂದ ಲೆಕ್ಕದಲ್ಲಿ ನೀರು ಅಷ್ಟು ಮೇಲೆ ಬಂದದ್ದೇ ಇಲ್ಲ.

ಇಲ್ಲಿನ ಹೊಳೆ ಪ್ರತಿ ವರ್ಷವೂ ಹತ್ತು ಮೀಟರಿನಷ್ಟು ಏರಿಳಿಯುತ್ತದೆ, ಅಂದರೆ ಮೂರು ಅಂತಸ್ತಿನ ಮನೆಯ ಎತ್ತರ. ಒಂದೇ ಜಾಗದಲ್ಲಿ ಕಲ್ಲಿನ ಧಕ್ಕೆ ಕಟ್ಟಿದರೆ ಅದು ಅರ್ಧ ವರ್ಷ ಮುಳುಗಿರುತ್ತದೆ, ಇನ್ನರ್ಧ ವರ್ಷ ಹಡಗಿಗೆ ಎಟುಕುವುದಿಲ್ಲ. ಅದಕ್ಕೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಯೊಂದು ಇಲ್ಲಿ ತೇಲುವ ಧಕ್ಕೆ ಕಟ್ಟಿತು. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಪ್ರವಾಸಿಗರೆಲ್ಲ ಮೊದಲು ಓಡುವುದು ಇಲ್ಲಿನ ಒಪೆರಾ ಮಂದಿರಕ್ಕೆ. ಆದರೆ ಈ ಊರಿನ ಸ್ವಭಾವ ತಿಳಿಯಬೇಕಾದರೆ ಧಕ್ಕೆಯಿಂದಲೇ ಶುರುಮಾಡುವುದು ಒಳ್ಳೆಯದು.

ಮನೌಸ್ ಇರುವುದು ಭೂಮಧ್ಯರೇಖೆಯಿಂದ ಮೂರು ಡಿಗ್ರಿ ದಕ್ಷಿಣಕ್ಕೆ, ಅಮೆಜಾನ್ ಕಾಡಿನ ನಟ್ಟನಡುವೆ. ಅದು ಅಮೆಜೋನಾಸ್ ರಾಜ್ಯದ ರಾಜಧಾನಿ. ರಾಜ್ಯದ ವಿಸ್ತಾರ ಸುಮಾರು 15.6 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಎಂಟು ರಾಜ್ಯಗಳನ್ನು ಅದರೊಳಗೆ ಇಡಬಹುದು. ಜನ ಮಾತ್ರ 2022ರ ಜನಗಣತಿಯಂತೆ 39 ಲಕ್ಷ, ಅವರಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಮನೌಸ್ ಒಂದರಲ್ಲೇ ಇದ್ದಾರೆ. ಉಳಿದದ್ದು ಬಹುಪಾಲು ಕಾಡು ಮತ್ತು ನೀರು.

ಸಮುದ್ರದಿಂದ ಹೊಳೆಯ ಹಾದಿಯಲ್ಲಿ ಒಂದೂವರೆ ಸಾವಿರ ಕಿಲೋಮೀಟರ್ ಒಳಗೆ ಇಷ್ಟು ದೊಡ್ಡ ನಗರ ಬೆಳೆದದ್ದಾದರೂ ಹೇಗೆ? ನೆಲದ ಇಳಿಜಾರನ್ನು ನೋಡಿದರೆ ಉತ್ತರ ಸಿಗುತ್ತದೆ. ಅಷ್ಟು ದೂರ ಒಳಗಿದ್ದರೂ ಇಲ್ಲಿನ ಹೊಳೆ ಸಮುದ್ರಮಟ್ಟಕ್ಕಿಂತ ಬರೀ ಹತ್ತಾರು ಮೀಟರ್ ಎತ್ತರದಲ್ಲಿದೆ. ಅಡ್ಡಲಾಗಿ ಜಲಪಾತವೂ ಇಲ್ಲ, ಬಂಡೆಗಳ ಕಾಟವೂ ಇಲ್ಲ. ಅಟ್ಲಾಂಟಿಕ್ ಸಾಗರದ ಹಡಗು ನೇರವಾಗಿ ಕಾಡಿನ ಹೊಟ್ಟೆಯೊಳಗೆ ಬಂದು ಲಂಗರು ಹಾಕಬಹುದು.

ಊರು ನಿಂತಿರುವುದು ರಿಯೊ ನೆಗ್ರೊ ಎಂಬ ಕಪ್ಪು ಹೊಳೆಯ ದಡದಲ್ಲಿ. ಕಾಡಿನ ತರಗೆಲೆ ಕೊಳೆತು ರಸ ಬಿಟ್ಟುಕೊಂಡ ನೀರು ಅದು, ಬಣ್ಣ ಹಾಲು ಹಾಕದ ಡಿಕಾಕ್ಷನ್‌ನದು. ಆ ನೀರಿನಲ್ಲಿ ಆಮ್ಲದ ಅಂಶ ಹೆಚ್ಚಾದ್ದರಿಂದ ಸೊಳ್ಳೆಯ ಕಾಟವೂ ಕಡಿಮೆ. ನಗರ ದಾಟಿ ಸ್ವಲ್ಪ ಕೆಳಗೆ ಹೋದರೆ, ಆಂಡೀಸ್ ಪರ್ವತದ ಹೂಳನ್ನು ಹೊತ್ತು ಹಾಲು ಚಹಾದ ಬಣ್ಣದಲ್ಲಿ ಬರುವ ಸೊಲಿಮೋಯಿಸ್ ಎದುರಾಗುತ್ತದೆ. ಎರಡು ಹೊಳೆ ಕೂಡಿದರೆ ನಾವು ಸಂಗಮ ಎನ್ನುತ್ತೇವೆ, ಆದರೆ ಇಲ್ಲಿ ಕೂಡಿಯೂ ಬೆರೆಯುವುದಿಲ್ಲ. ಕಪ್ಪು ಹೊಳೆ ಬೆಚ್ಚಗಿನದು, ನಿಧಾನದ್ದು. ಸೊಲಿಮೋಯಿಸ್ ತಣ್ಣಗಿನದು, ವೇಗದ್ದು, ಹೂಳಿನ ಭಾರದ್ದು. ಹೀಗಾಗಿ ಸುಮಾರು ಆರು ಕಿಲೋಮೀಟರ್ ಎರಡೂ ಪಕ್ಕಪಕ್ಕದಲ್ಲೇ ಹರಿಯುತ್ತವೆ. ನಡುವಿನ ಗೆರೆ ವಿಮಾನದಿಂದಲೂ ಕಾಣುತ್ತದೆ.

ಇನ್ನೊಂದು ವಿಚಿತ್ರ. ಮನೌಸ್‌ನಲ್ಲಿ ಮಳೆ ಜೋರಾಗಿ ಸುರಿಯುವುದು ಡಿಸೆಂಬರ್‌ನಿಂದ ಮೇವರೆಗೆ. ಹೊಳೆ ಉಕ್ಕುವುದು ಮಾತ್ರ ಊರಿನ ಮಳೆ ನಿಂತ ಮೇಲೆ, ಜೂನ್‌ನಲ್ಲಿ. ಸಾವಿರಾರು ಕಿಲೋಮೀಟರ್ ಆಚೆ ಬಿದ್ದ ಮಳೆ ಇಲ್ಲಿಗೆ ತಲುಪಲು ಅಷ್ಟು ಕಾಲ ಬೇಕು.

ಊರಿನ ಹುಟ್ಟು ಒಂದು ಸಣ್ಣ ಕೋಟೆಯಿಂದ. 1669ರಲ್ಲಿ ಪೋರ್ಚುಗೀಸರು ಹೊಳೆಬಾಯಿ ಕಾಯಲು ಅದನ್ನು ಕಟ್ಟಿದರು. ಸುತ್ತಲಿದ್ದ ಮೂಲನಿವಾಸಿಗಳಲ್ಲಿ ಮನಾವೊ ಎಂಬ ಜನ ಬಲಿಷ್ಠರು. ಅವರ ನಾಯಕ ಅಜುರಿಕಾಬಾ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ವಿರುದ್ಧ ಕಾದಾಡಿ ಸೆರೆಸಿಕ್ಕ. ಸಂಕೋಲೆ ತೊಡಿಸಿ ಬೆಲೆಂಗೆ ಸಾಗಿಸುವಾಗ ಹೊಳೆಗೆ ಹಾರಿಬಿಟ್ಟ. ಕೊನೆಗೆ ಊರಿಗೆ ಬಂದದ್ದು ಸೋತವರ ಹೆಸರೇ.

ಆ ಕೊಂಪೆಯನ್ನು ನಗರ ಮಾಡಿದ್ದು ಒಂದು ಮರದ ಹಾಲು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡುವ ಉಪಾಯ ಕಂಡುಕೊಂಡ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಸೈಕಲ್ಲು, ಆಮೇಲೆ ಕಾರು, ಎಲ್ಲಕ್ಕೂ ರಬ್ಬರ್ ಬೇಕು. ಆ ಮರದ ತವರು ಅಮೆಜಾನ್ ಕಾಡು. ಮನೌಸ್‌ಗೆ ಹಣ ಹರಿದು ಬಂತು. ವಿದ್ಯುತ್ ದೀಪ ಬಂತು, ಟ್ರಾಮ್ ಬಂತು, ಪ್ಯಾರಿಸ್ಸಿನ ಸಂತೆಮಾಳಿಗೆಯ ಮಾದರಿಯಲ್ಲಿ ಕಬ್ಬಿಣದ ಮಾರುಕಟ್ಟೆ ಎದ್ದಿತು. ಊರಿನೊಳಗಿನ ತೊರೆಗಳನ್ನು ಮುಚ್ಚಿ ಅಗಲ ಬೀದಿಗಳನ್ನು ಮಾಡಿಸಿದವನು ಎಡುವಾರ್ಡೊ ರಿಬೇರೊ ಎಂಬ ಕಪ್ಪು ವರ್ಣೀಯ ಗವರ್ನರ್.

1896ರ ಕೊನೆಯ ದಿನ ಒಪೆರಾ ಮಂದಿರದ ಉದ್ಘಾಟನೆಯಾಯಿತು. ಗೋಪುರಕ್ಕೆ ಬ್ರೆಜಿಲ್ ಧ್ವಜದ ಬಣ್ಣಗಳಲ್ಲಿ 36 ಸಾವಿರ ಹೆಂಚು. ಉಕ್ಕು ಗ್ಲಾಸ್ಗೋದಿಂದ, ಗಾಜಿನ ತೂಗುದೀಪಗಳು ಇಟಲಿಯಿಂದ. ಶ್ರೀಮಂತರು ಬಟ್ಟೆ ಒಗೆಸಲು ಯುರೋಪಿಗೆ ಕಳಿಸುತ್ತಿದ್ದರು ಎಂಬ ಕಥೆಯೂ ಇದೆ, ಮಹಾಗಾಯಕ ಕರೂಸೊ ಇಲ್ಲಿ ಹಾಡಿದ ಎಂಬ ಕಥೆಯೂ ಇದೆ. ಕರೂಸೊ ಇಲ್ಲಿಗೆ ಬರಲೇ ಇಲ್ಲ. ಹಣವಿದ್ದ ಊರಿಗೆ ಕಥೆಗಳ ಬರವಿರುವುದಿಲ್ಲ.

ಆ ಹಣ ಬಂದ ದಾರಿ ಮಾತ್ರ ಕರಾಳ. ಈಶಾನ್ಯ ಬ್ರೆಜಿಲ್‌ನಲ್ಲಿ 1877ರಿಂದ ಬಿದ್ದ ಭೀಕರ ಬರಕ್ಕೆ ಸಿಕ್ಕಿ ಊರು ಬಿಟ್ಟವರು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಕತ್ತಿ, ಬಂದೂಕು, ಹಿಟ್ಟು, ಎಲ್ಲವನ್ನೂ ಧಣಿಯೇ ಸಾಲವಾಗಿ ಕೊಡುತ್ತಿದ್ದ, ಬೆಲೆ ಕಟ್ಟುವವನೂ ಅವನೇ. ಕೂಲಿಯವನು ವರ್ಷವಿಡೀ ಮರದಿಂದ ಮರಕ್ಕೆ ಅಲೆದು ರಬ್ಬರ್ ತಂದರೂ ಲೆಕ್ಕದ ಪುಸ್ತಕದಲ್ಲಿ ಬಾಕಿ ತೀರುತ್ತಿರಲಿಲ್ಲ.

ಇಷ್ಟೆಲ್ಲ ವೈಭವದ ಬುಡಕ್ಕೆ ಕೊಡಲಿ ಅದಾಗಲೇ ಬಿದ್ದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ತಪಜೋಸ್ ಹೊಳೆಯ ಸೀಮೆಯಿಂದ ಸುಮಾರು 70 ಸಾವಿರ ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಮುಟ್ಟಿಸಿದ್ದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನ ಸಸಿಗಳು ಹೋದದ್ದು ಸಿಲೋನಿಗೆ. ಏಷ್ಯಾದ ರಬ್ಬರ್ ತೋಟಗಳ ಬಹುಪಾಲು ಮರಗಳಿಗೆ ಮೂಲ ಅವೇ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಸಿಲೋನಿನಿಂದ ಮರಳಿದ ತಮಿಳು ಕುಟುಂಬಗಳಿಗೆ ದುಡಿಮೆ ಕೊಡಲೆಂದು ನಮ್ಮ ಸುಳ್ಯ, ಪುತ್ತೂರಿನ ಕಡೆ ಸರ್ಕಾರ ರಬ್ಬರ್ ತೋಟ ಬೆಳೆಸಿತಲ್ಲ, ಇಂದು ಅಲ್ಲಿ ಬೆಳಗಿನ ಜಾವ ಟ್ಯಾಪಿಂಗ್‌ಗೆ ಹೊರಡುವವರು ಗೀರುವ ಮರದ ವಂಶವೂ ಆ ಅಮೆಜಾನ್ ಹೊಳೆದಂಡೆಯದೇ.

ಸಾಲು ನೆಟ್ಟ ತೋಟದೊಂದಿಗೆ ಕಾಡಿನಲ್ಲಿ ಚದುರಿ ನಿಂತ ಮರ ಸ್ಪರ್ಧಿಸುವುದಾದರೂ ಹೇಗೆ? ಹಾಗಾದರೆ ಬ್ರೆಜಿಲ್‌ನವರೂ ತೋಟ ಮಾಡಬಹುದಿತ್ತಲ್ಲ ಎನ್ನಬಹುದು. ಮಾಡಿ ಸೋತರು. ಅಲ್ಲಿ ಎಲೆ ಕೊಳೆಸುವ ಒಂದು ಶಿಲೀಂಧ್ರವಿದೆ. ಮರಗಳು ದೂರದೂರ ಇದ್ದರೆ ಅದು ಹರಡುವುದಿಲ್ಲ, ಒತ್ತೊತ್ತಾಗಿ ನೆಟ್ಟರೆ ತೋಟವನ್ನೇ ಬೋಳು ಮಾಡುತ್ತದೆ. 1928ರಲ್ಲಿ ತೋಟ ಹಾಕಲು ಹೊರಟ ಹೆನ್ರಿ ಫೋರ್ಡ್ ಕೂಡ ಕೈಸುಟ್ಟುಕೊಂಡ. 1910ರ ಸುಮಾರಿಗೆ ಉತ್ತುಂಗದಲ್ಲಿದ್ದ ರಬ್ಬರ್ ಬೆಲೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಮನೌಸ್ ಬಡವಾಯಿತು, ಒಪೆರಾ ಮಂದಿರ ಮೌನವಾಯಿತು. ನೆಲದ ಮೇಲೆ ಮನೆ ಮಾಡಲಾಗದವರು ಮರದ ದಿಮ್ಮಿಗಳ ಮೇಲೆ ಗುಡಿಸಲು ಕಟ್ಟಿ ನೀರಿನ ಮೇಲೇ ಒಂದು ತೇಲುವ ಪೇಟೆ ಮಾಡಿಕೊಂಡರು. ಸಾವಿರಾರು ಜನರಿದ್ದ ಆ ಪೇಟೆಯನ್ನು 1960ರ ದಶಕದ ನಡುವೆ ಸರ್ಕಾರ ಕೆಡವಿಸಿತು.

ಎರಡನೆಯ ಸಲ ಊರಿಗೆ ಜೀವ ಬಂದದ್ದು ಒಂದು ಸರ್ಕಾರಿ ಆಜ್ಞೆಯಿಂದ. 1967ರಲ್ಲಿ ಸೇನಾ ಸರ್ಕಾರ ಮನೌಸ್ ಅನ್ನು ತೆರಿಗೆ ವಿನಾಯಿತಿಯ ಮುಕ್ತ ವಲಯವೆಂದು ಸಾರಿತು. ಹೋಂಡಾ 1976ರಲ್ಲಿ ಇಲ್ಲಿ ಮೋಟರ್‌ಸೈಕಲ್ ಕಾರ್ಖಾನೆ ತೆರೆಯಿತು. ಇಂದು ಬ್ರೆಜಿಲ್‌ನಲ್ಲಿ ತಯಾರಾಗುವ ಮೋಟರ್‌ಸೈಕಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಇಲ್ಲಿಯವೇ. ಟಿ.ವಿ., ಮೊಬೈಲ್ ಫೋನ್‌ಗಳೂ ತಯಾರಾಗುತ್ತವೆ. ಬಿಡಿಭಾಗ ದೂರದಿಂದ ಬರಬೇಕು, ಸರಕು ಮತ್ತೆ ದೂರಕ್ಕೇ ಹೋಗಬೇಕು. ಲೆಕ್ಕ ಸರಿಹೋಗುವುದು ತೆರಿಗೆ ಇಲ್ಲದ್ದರಿಂದ ಮಾತ್ರ. 1970ರಲ್ಲಿ ಮೂರು ಲಕ್ಷದಷ್ಟಿದ್ದ ಜನಸಂಖ್ಯೆ ಏಳು ಪಟ್ಟಿನ ಸಮೀಪಕ್ಕೆ ಏರಿದೆ. ವಿನಾಯಿತಿಯನ್ನು 2073ರವರೆಗೆ ವಿಸ್ತರಿಸಿದ್ದಾರೆ. ನಗರದ ಕೆಲಸವೇ ಜನರನ್ನು ಸೆಳೆದು ಕಾಡನ್ನು ಉಳಿಸಿತು ಎಂದು ವಾದಿಸುವವರಿದ್ದಾರೆ. ಆ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತೊರೆಗಳಿಗೆ ಮೋರಿ ನೀರು ಬಿಟ್ಟು, ಅವುಗಳ ಮೇಲೆ ಕಂಬ ನೆಟ್ಟು ಮನೆ ಕಟ್ಟಿಕೊಂಡವರ ಪಾಡನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು.

ರಸ್ತೆಯ ವಿಷಯದಲ್ಲಿ ಮನೌಸ್ ಇಂದಿಗೂ ದ್ವೀಪದಂತೆಯೇ ಇದೆ. ಉತ್ತರಕ್ಕೆ ವೆನೆಜುವೆಲಾ ಕಡೆಗೆ ಒಂದು ರಸ್ತೆಯಿದೆ. ದಕ್ಷಿಣಕ್ಕೆ, ದೇಶದ ಉಳಿದ ಭಾಗಕ್ಕೆ ಜೋಡಿಸಲೆಂದು 1976ರಲ್ಲಿ ತೆರೆದ ಹೆದ್ದಾರಿಯ ನಡುಭಾಗ ಸುಮಾರು ಹತ್ತು ವರ್ಷಗಳಲ್ಲೇ ಕಿತ್ತುಹೋಗಿ ಮಳೆಗಾಲದಲ್ಲಿ ಕೆಸರುಗದ್ದೆಯಾಗುತ್ತದೆ. ಅದಕ್ಕೆ ಟಾರು ಹಾಕಿದರೆ ಕಾಡು ಕಡಿಯುವವರಿಗೆ ಬಾಗಿಲು ತೆರೆದಂತೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಜನ ಲಾಂಚುಗಳಲ್ಲಿ ಜೋಲಿ ಕಟ್ಟಿ ಮಲಗಿ ದಿನಗಟ್ಟಲೆ ಪ್ರಯಾಣ ಮಾಡುತ್ತಾರೆ. ಈ ಒಂಟಿತನದ ಬೆಲೆ ತಿಳಿದದ್ದು 2021ರ ಜನವರಿಯಲ್ಲಿ. ಕೋವಿಡ್ ಅಲೆಯಲ್ಲಿ ಆಸ್ಪತ್ರೆಗಳ ಆಮ್ಲಜನಕ ಮುಗಿದುಹೋಯಿತು, ರೋಗಿಗಳು ಉಸಿರುಕಟ್ಟಿ ಸತ್ತರು. ವಾಯುಪಡೆಯ ವಿಮಾನಗಳು ಸಿಲಿಂಡರ್ ತಂದವು, ಉತ್ತರದ ರಸ್ತೆಯಿಂದ ವೆನೆಜುವೆಲಾದ ಟ್ಯಾಂಕರ್‌ಗಳು ಬಂದವು.

ಅದೇ ವರ್ಷ ಜೂನ್‌ನಲ್ಲಿ ದಾಖಲೆಯ ನೆರೆ. ಎರಡೇ ವರ್ಷಕ್ಕೆ, 2023ರ ಅಕ್ಟೋಬರ್‌ನಲ್ಲಿ, ಹೊಳೆ 12.70 ಮೀಟರಿಗೆ ಇಳಿಯಿತು. ಅದುವರೆಗಿನ ಅತಿ ಕೆಳಗಿನ ಮಟ್ಟ ಅದು. ತೇಲುಮನೆಗಳು ಕೆಸರಿನ ಮೇಲೆ ಕುಕ್ಕರಿಸಿದವು, ದೊಡ್ಡ ಹಡಗುಗಳಿಗೆ ಆಳ ಸಾಲದೆ ಕಾರ್ಖಾನೆಗಳಿಗೆ ಬಿಡಿಭಾಗ ತಲುಪುವುದು ಕಷ್ಟವಾಯಿತು. ಎರಡು ಹೊಳೆಗಳು ಸೇರುವಲ್ಲಿ, ದಡದ ಬಂಡೆಗಳ ಮೇಲೆ, ನೀರಿನಡಿಯಿದ್ದ ಮನುಷ್ಯ ಮುಖಗಳ ಕೆತ್ತನೆಗಳು ಹೊರಬಂದವು. ಅವು ಒಂದರಿಂದ ಎರಡು ಸಾವಿರ ವರ್ಷ ಹಳೆಯವಿರಬಹುದು ಎನ್ನುತ್ತಾರೆ ಪುರಾತತ್ವಜ್ಞರು. ಕೋಟೆಗೂ ರಬ್ಬರಿಗೂ ಬಹಳ ಮೊದಲು ಅಲ್ಲಿ ನಿಂತು ಹೊಳೆ ನೋಡಿದವರ ಕೈಕೆಲಸ ಅದು. ಮಳೆ ಬಂದು ನೀರು ಏರಿ ಮುಖಗಳು ಮರೆಯಾದವು. ಮರುವರ್ಷ ಹೊಳೆ ಅದಕ್ಕಿಂತಲೂ ಕೆಳಗಿಳಿಯಿತು.