ಸಣ್ಣ ಅಪಘಾತ, ರಸ್ತೆಬದಿಯ ರಾಜಿ



ಕಾಫಿ ಕೊಯ್ಲು, ಅಡಿಕೆ ಸುಲಿತದ ದಿನಗಳಲ್ಲಿ ನಮ್ಮ ಜೀಪು, ಪಿಕಪ್‌ಗಳಿಗೆ ಬಿಡುವೇ ಇಲ್ಲ. ಘಟ್ಟದ ತಿರುವಿನಲ್ಲಿ ಬಂಪರು ತಾಗುವುದು ನಮಗೆ ಹೊಸತಲ್ಲ. ನಾಲ್ಕು ಜನ ಸೇರಿ, ಅಷ್ಟಿಷ್ಟು ಹಣ ಕೊಡಿಸಿ, ಅಲ್ಲಿಯೇ ರಾಜಿ ಮಾಡಿ ಕಳುಹಿಸುವುದೂ ಹೊಸತಲ್ಲ. ಈ ರಾಜಿಯ ಬಗ್ಗೆಯೇ ನನ್ನ ತಕರಾರು.

ನಮ್ಮ ಸದಸ್ಯರೊಬ್ಬರು ಬಂಧುಗಳ ಮದುವೆಗೆಂದು ಸ್ವಂತ ಕಾರಿನಲ್ಲಿ ಕಲಬುರಗಿಗೆ ಹೋಗಿದ್ದರು. ತಾಜಸುಲ್ತಾನಪುರದ ಬಳಿ ತೊಗರಿ ಚೀಲ ಹೇರಿದ್ದ ಟ್ರ್ಯಾಕ್ಟರನ್ನು ದಾಟುವಾಗ ಎದುರು ಬಂದ ಬೈಕಿಗೆ ಕಾರು ತಾಗಿತು. ಸವಾರನ ಮೊಣಕಾಲು ತರಚಿತು, ಅಷ್ಟೆ. "ಇರ್ಲಿ ಬಿಡ್ರಿ ಸಾಹೇಬ್ರ, ಏನರ ಕೊಟ್ಟು ಹೋಗ್ರಿ" ಎಂದರು ನೆರೆದವರು. ಮೂರು ಸಾವಿರ ಕೊಟ್ಟು ಹೊರಟರು. ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ. ಮೂರನೆಯ ದಿನ ಸವಾರನ ಕಾಲು ಊದಿಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಕಂಡಿತು. ಗುದ್ದಿ ಓಡಿಹೋದರೆಂದು ದೂರು ದಾಖಲಾಯಿತು. ನಮ್ಮವರು ಈಗ ವಾಯಿದೆಗೆಂದು ಅಲ್ಲಿಗೆ ಅಲೆಯುತ್ತಿದ್ದಾರೆ. ಸವಾರನನ್ನು ನಾನು ದೂರಲಾರೆ. ವಿಮೆಯಿಂದ ನ್ಯಾಯವಾಗಿ ಸಿಗಬೇಕಾದ ಪರಿಹಾರದ ಮುಂದೆ ಮೂರು ಸಾವಿರ ಯಾವ ಲೆಕ್ಕ?

1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ಸ್ಪಷ್ಟವಾಗಿದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸತಕ್ಕದ್ದು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ತಪ್ಪಿದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ವರದಿ ಮಾಡತಕ್ಕದ್ದು. ವಿಮಾ ಕಂಪೆನಿಗೆ ಬರಹದಲ್ಲಿ ತಿಳಿಸತಕ್ಕದ್ದು. ಗಾಯವೇ ಆಗಬೇಕೆಂದಿಲ್ಲ, ಪರರ ಸ್ವತ್ತಿಗೆ ನಷ್ಟವಾದರೂ ವರದಿ ಮಾಡಬೇಕು. ಜನ ಮೈಮೇಲೆ ಬೀಳುವಂತಿದ್ದರೆ ಏನು ಮಾಡುವುದೆಂದು ಕೇಳುತ್ತೀರಿ. ಗುಂಪಿನ ಆಕ್ರೋಶದಿಂದ ಗಾಯಾಳುವಿಗೆ ನೆರವಾಗಲು ಆಗದಿದ್ದರೆ ಕಾನೂನೇ ಅದನ್ನು ಒಪ್ಪುತ್ತದೆ. ಆದರೆ ಅಲ್ಲಿಂದ ನೇರ ಠಾಣೆಗೆ ಹೋಗಬೇಕೇ ಹೊರತು ಮನೆಗಲ್ಲ. ತಪ್ಪಿದರೆ, 2019ರ ತಿದ್ದುಪಡಿಯಂತೆ, ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಇನ್ನೊಂದು ಸಂಗತಿ ಬಹುಮಂದಿಗೆ ಗೊತ್ತಿಲ್ಲ. ಕಂಪೆನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣ ಕೊಡಬಾರದು ಎಂಬುದು ಪಾಲಿಸಿಯ ಷರತ್ತು. ಹಿಂಬದಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿ. ರಸ್ತೆಬದಿಯ ಉದಾರತೆ ಮುಂದೆ ನಮಗೇ ಮುಳುವಾದೀತು.

ಆದ್ದರಿಂದ ವಾಹನ ನಿಲ್ಲಿಸಿ, ಮೊದಲು ಮನುಷ್ಯರನ್ನು ನೋಡಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ವಾಹನ ಸರಿಸುವ ಮೊದಲು ಮೊಬೈಲಿನಲ್ಲಿ ಎರಡೂ ನಂಬರು ಪ್ಲೇಟು, ಟೈರಿನ ಗುರುತು, ರಸ್ತೆಯ ಚಿತ್ರ ತೆಗೆಯಿರಿ. ಹೆಸರು, ವಿಳಾಸ ಪರಸ್ಪರ ಬರೆದುಕೊಳ್ಳಿ. ಕಂಡವರೊಬ್ಬರ ಫೋನ್ ನಂಬರೂ ಇರಲಿ. ಇಂಜಿನ್ನಿನ ಕೆಳಗೆ ಆಯಿಲ್ ಸೋರುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ರಿಪೇರಿಗೆ ಮುಂಚೆ ಓಡಿಸಿ ಹೆಚ್ಚಾದ ಹಾನಿಗೆ ವಿಮೆ ಸಿಗದು.

ನಮ್ಮದೇ ಕಾರಿನ ಸಣ್ಣ ತಗ್ಗಿಗೆ ಕ್ಲೇಮು ಮಾಡುವ ಮುನ್ನ ಲೆಕ್ಕ ಹಾಕಿ. 1500 ಸಿ.ಸಿ.ವರೆಗಿನ ಕಾರಿಗೆ ಮೊದಲ 1,000 ರೂಪಾಯಿ ನಾವೇ ಹೊರಬೇಕು, ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ ಶೇಕಡಾ 50ರ ರಿಯಾಯಿತಿಯೂ ಸಾಮಾನ್ಯವಾಗಿ ಹೋಗುತ್ತದೆ. ಆದರೆ ಕ್ಲೇಮು ಬೇಡವೆಂದು ಕಂಪೆನಿಗೆ ತಿಳಿಸುವುದನ್ನು ಬಿಡಬೇಡಿ; ಅದೇ ಬೇರೆ, ಇದೇ ಬೇರೆ.

ಪಾಲಿಸಿಯ ನಕಲೊಂದು ಗಾಡಿಯಲ್ಲಿರಲಿ. ತೋಟದ ಡ್ರೈವರುಗಳಿಗೂ ಈ ಪುಟವನ್ನು ಓದಿ ಹೇಳಿ.

— ಕಾರ್ಯದರ್ಶಿ