ಹಾಡಿಗೆ ಸಾಕ್ಷಿಯ ಬೆಲೆ

1987ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕೋರ್ಟಿನಲ್ಲಿ ಗಿಟ್‌ಸನ್ ಜನಾಂಗದ ಹಿರಿಯೆ ಮೇರಿ ಜಾನ್ಸನ್ ಸಾಕ್ಷಿ ಹೇಳಲು ನಿಂತರು. ತಮ್ಮ ಮನೆತನದ ಹಳೆಯ ಶೋಕಗೀತೆಯೊಂದನ್ನು ಹಾಡಬೇಕೆಂದರು. ನ್ಯಾಯಾಧೀಶ ಅಲನ್ ಮೆಕೆಕರ್ನ್ ಅವರಿಗೆ ಇರುಸುಮುರುಸಾಯಿತು. ಮಾತುಗಳನ್ನು ಬರೆದುಕೊಟ್ಟರೆ ಸಾಲದೆ? ತನ್ನದು ತಗಡಿನ ಕಿವಿ, ಹಾಡಿ ಪ್ರಯೋಜನವಿಲ್ಲ ಎಂದರು. ಅಜ್ಜಿ ಹಾಡಿಯೇ ಬಿಟ್ಟರು.

ಈ ಕತೆ ಹೇಳಿದಾಗಲೆಲ್ಲ ಸಭಿಕರು ನಗುತ್ತಾರೆ. ನಕ್ಕ ಮೇಲೆ ಒಬ್ಬರಾದರೂ ಕೇಳುತ್ತಾರೆ: ‘ಅಲ್ಲ ಸ್ವಾಮಿ, ಜಡ್ಜ್ ಹೇಳಿದ್ದರಲ್ಲಿ ತಪ್ಪೇನು? ಜಮೀನಿನ ಕೇಸಿಗೂ ಹಾಡಿಗೂ ಏನು ಸಂಬಂಧ?’ ಒಳ್ಳೆಯ ಪ್ರಶ್ನೆ. ಮೂಲನಿವಾಸಿಗಳ ಪರ ವಾದಿಸುವ ವಕೀಲರ ಕಸುಬೆಲ್ಲ ಅದರೊಳಗೇ ಅಡಗಿದೆ.

ಮೊದಲು ಹಿನ್ನೆಲೆ, ಎರಡೇ ಮಾತಿನಲ್ಲಿ. ಕೆನಡಾದ ಬಹುಭಾಗದಲ್ಲಿ ಬ್ರಿಟಿಷ್ ದೊರೆತನ ಮೂಲನಿವಾಸಿಗಳೊಡನೆ ಒಪ್ಪಂದ ಬರೆದುಕೊಂಡಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ಮಾತ್ರ ವ್ಯಾಂಕೂವರ್ ದ್ವೀಪದ ಕೆಲವು ತುಂಡುಗಳು ಮತ್ತು ಈಶಾನ್ಯದ ಮೂಲೆ ಬಿಟ್ಟರೆ ಮಿಕ್ಕ ನೆಲಕ್ಕೆ ಒಪ್ಪಂದವೇ ಆಗಿರಲಿಲ್ಲ. ಯುದ್ಧದಲ್ಲಿ ಗೆದ್ದದ್ದಲ್ಲ, ಕ್ರಯಕ್ಕೆ ಕೊಂಡದ್ದಲ್ಲ, ಸುಮ್ಮನೆ ಬಂದು ಕೂತದ್ದು.

ಇಲ್ಲಿ ಎಲ್ಲರೂ ಎಡವುತ್ತಾರೆ. ‘ಸರ್ಕಾರ ಮಂಜೂರು ಮಾಡಿದರೆ ತಾನೆ ಹಕ್ಕು?’ ಅನ್ನುವುದು ಪಹಣಿ, ಪೋಡಿ, ಸಾಗುವಳಿ ಚೀಟಿಗಳ ನಡುವೆ ಬೆಳೆದ ನಮಗೆ ಸಹಜವಾದ ಯೋಚನೆ. ಆದರೆ ಇಲ್ಲಿ ಹಕ್ಕು ಸರ್ಕಾರಕ್ಕಿಂತ ಹಳೆಯದು. 1973ರ ಕಾಲ್ಡರ್ ಮೊಕದ್ದಮೆಯಲ್ಲಿ ಇದು ಬಯಲಾಯಿತು. ನಿಸ್ಗಾ ಜನರ ಪರ ಫ್ರ್ಯಾಂಕ್ ಕಾಲ್ಡರ್ ದಾವೆ ಹೂಡಿದ್ದರು, ವಕೀಲರು ಥಾಮಸ್ ಬರ್ಜರ್. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಅಂಥ ಹಕ್ಕು ಕಾನೂನಿನಲ್ಲಿ ಇತ್ತೆಂದು ಒಪ್ಪಿದರು. ಅದು ಇನ್ನೂ ಉಳಿದಿದೆಯೇ ಎಂಬಲ್ಲಿ ಮೂವರು ಹೌದೆಂದರು, ಮೂವರು ಇಲ್ಲವೆಂದರು. ಏಳನೆಯವರು ಸರ್ಕಾರದ ಮೇಲೆ ದಾವೆ ಹೂಡಲು ಮೊದಲೇ ಅನುಮತಿ ಪಡೆದಿಲ್ಲವೆಂಬ ತಾಂತ್ರಿಕ ಕಾರಣಕ್ಕೆ ವಜಾ ಮಾಡಿದರು. ಕೇಸು ಬಿದ್ದುಹೋಯಿತು, ಆದರೆ ಅದೇ ವರ್ಷ ಕೇಂದ್ರ ಸರ್ಕಾರ ಮಾತುಕತೆಗೆ ಒಪ್ಪಿಕೊಂಡಿತು. ಸೋತು ಗೆಲ್ಲುವುದೆಂದರೆ ಹೀಗೆ. ನಿಸ್ಗಾ ಒಪ್ಪಂದ ಜಾರಿಗೆ ಬರಲು ಮಾತ್ರ 2000ನೇ ಇಸವಿಯೇ ಆಗಬೇಕಾಯಿತು.

ಇಷ್ಟು ತಡವೇಕೆಂದು ಕೇಳುವವರಿಗೆ ನಾನು ಒಂದೇ ಕಾನೂನು ತೋರಿಸುತ್ತೇನೆ. 1927ರಿಂದ 1951ರವರೆಗೆ ಕೆನಡಾದಲ್ಲಿ ಇಂಥ ಹಕ್ಕುಕೇಳಿಕೆಗೆಂದು ಸರ್ಕಾರದ ಅನುಮತಿಯಿಲ್ಲದೆ ಹಣ ಕೂಡಿಸುವುದು ಅಪರಾಧವಾಗಿತ್ತು. ಹಣವಿಲ್ಲದೆ ವಕೀಲನೆಲ್ಲಿ? ಕಳ್ಳನೇ ಪೊಲೀಸ್ ಠಾಣೆಗೆ ಬೀಗ ಜಡಿದಂತೆ!

ಈಗ ಹಾಡಿಗೆ ಬರೋಣ. ಗಿಟ್‌ಸನ್ ಮತ್ತು ವೆಟ್‌ಸುವೆಟೆನ್ ಮುಖ್ಯಸ್ಥರು ಸುಮಾರು 58,000 ಚದರ ಕಿಲೋಮೀಟರ್ ನೆಲ ತಮ್ಮದೆಂದು 1984ರಲ್ಲಿ ದಾವೆ ಹೂಡಿದರು. ಅದೇ ಡೆಲ್ಗಮುಕ್ ಮೊಕದ್ದಮೆ, ಅಜ್ಜಿ ಹಾಡಿದ್ದು ಇದರಲ್ಲೇ. ಡೆಲ್ಗಮುಕ್ ಎಂಬುದು ವ್ಯಕ್ತಿಯ ಹೆಸರಲ್ಲ, ಒಬ್ಬರಿಂದ ಒಬ್ಬರಿಗೆ ದಾಟುವ ಪಟ್ಟದ ಹೆಸರು. ಕೇಸು ಮುಗಿಯುವಷ್ಟರಲ್ಲಿ ಹೆಸರು ಹೊತ್ತವರು ಬದಲಾದರು, ವಾದಿ ಮಾತ್ರ ಬದಲಾಗಲಿಲ್ಲ.

ಪಕ್ಷಗಾರರ ಬಳಿ ಕ್ರಯಪತ್ರವಿರಲಿಲ್ಲ. ಇದ್ದದ್ದು ‘ಅದಾವ್ಕ್’, ಅಂದರೆ ಮನೆತನ ಎಲ್ಲಿಂದ ಬಂತು, ಯಾವ ಹೊಳೆ ಯಾರದು, ಯಾವ ಗಡಿ ಯಾಕೆ ಅಲ್ಲಿದೆ ಎಂಬ ಮೌಖಿಕ ಚರಿತ್ರೆ; ಅಜ್ಜಿಯ ಶೋಕಗೀತೆಯೂ ಅದರ ಭಾಗವೇ. ನ್ಯಾಯಾಲಯದ ನಿಯಮವೋ ಅಂತೆಕಂತೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತ ಮುತ್ತಜ್ಜನನ್ನು ಕರೆಸಿ ಪಾಟೀಸವಾಲು ಹಾಕುವುದು ಹೇಗೆ?

ಉತ್ತರ ಸಮುದಾಯದ ಒಳಗೇ ಇತ್ತು. ನನಗೆ ಇಡೀ ಪ್ರಕರಣದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅದಾವ್ಕನ್ನು ಯಾರೂ ಮನೆಯ ಮೂಲೆಯಲ್ಲಿ ಕೂತು ಹೇಳಿಕೊಳ್ಳುವುದಿಲ್ಲ. ಹೊಸ ಮುಖ್ಯಸ್ಥ ಪಟ್ಟಕ್ಕೆ ಬಂದಾಗ ಔತಣದ ಸಭೆ ಸೇರುತ್ತದೆ, ನೆರೆಯ ಮನೆತನಗಳು ಸಾಕ್ಷಿಗಳಾಗಿ ಕೂರುತ್ತವೆ. ತನ್ನದಲ್ಲದ ಬೆಟ್ಟವನ್ನು ತನ್ನದೆಂದರೆ ಅಲ್ಲೇ ತಕರಾರು. ಅಂದರೆ ಪಾಟೀಸವಾಲು ತಲೆಮಾರಿನಿಂದ ತಲೆಮಾರಿಗೆ ನಡೆದೇ ಇದೆ, ಕಟಕಟೆ ಬೇರೆ ಅಷ್ಟೆ. (ಈ ಔತಣಗಳನ್ನೂ ಕೆನಡಾ 1951ರವರೆಗೆ ನಿಷೇಧಿಸಿತ್ತು!)

ಸಾಲದ್ದಕ್ಕೆ ವಿಜ್ಞಾನವನ್ನೂ ಕರೆತಂದರು. ಒಂದು ಅದಾವ್ಕ್‌ನಲ್ಲಿ ಮೆದೀಕ್ ಎಂಬ ದೈತ್ಯ ಕರಡಿ ಕಾಡನ್ನು ಕಿತ್ತು ಬಿಸುಡುತ್ತಾ ತೊರೆಯ ಜಾಡಿನಲ್ಲಿ ಇಳಿದು ಬರುತ್ತದೆ. ಸೀಲಿ ಸರೋವರದ ಬಳಿ ಕೆಸರು ಮತ್ತು ಮಣ್ಣಿನ ಪದರಗಳನ್ನು ಪರೀಕ್ಷಿಸಿದ ತಜ್ಞರಿಗೆ ಸುಮಾರು 3,500 ವರ್ಷಗಳ ಹಿಂದೆ ಅಲ್ಲಿ ಭಾರೀ ಭೂಕುಸಿತವಾದ ಗುರುತು ಸಿಕ್ಕಿತು. ಕರಡಿಯನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ಗುಡ್ಡ ಜರಿದದ್ದನ್ನು ನೆನಪಿಟ್ಟವರು ಆಗ ಅಲ್ಲಿ ಇದ್ದಿರಲೇಬೇಕಲ್ಲ?

ವಕೀಲರ ಕೆಲಸವೆಂದರೆ ಈ ಜೋಡಣೆಯೇ. ಭಾಷಾಂತರಕಾರ, ಮಾನವಶಾಸ್ತ್ರಜ್ಞ, ನಕಾಶೆ ಬರೆಯುವವ, ಭೂವಿಜ್ಞಾನಿ, ಹಳೆಯ ಕಡತ ಕೆದಕುವವ, ಇವರೆಲ್ಲರನ್ನೂ ಹಿರಿಯರ ಪಕ್ಕ ಕೂರಿಸಬೇಕು; ಹಿರಿಯರ ಮಾತನ್ನು ಮಾತ್ರ ಇವರು ನುಂಗಬಾರದು.

ವಿಚಾರಣೆ 374 ದಿನ ನಡೆಯಿತು. 1991ರಲ್ಲಿ ಮೆಕೆಕರ್ನ್ ದಾವೆ ತಳ್ಳಿಹಾಕಿದರು. ಅದಾವ್ಕ್‌ಗಳನ್ನು ಕೇಳಿಸಿಕೊಂಡಿದ್ದರು, ತೂಕ ಕೊಡಲಿಲ್ಲ. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪೆಂದು, ಮೌಖಿಕ ಚರಿತ್ರೆಯನ್ನು ದಾಖಲೆಪತ್ರಗಳ ಸರಿಸಮಕ್ಕೆ ಇಟ್ಟು ತೂಗಬೇಕೆಂದು ಹೇಳಿತು. ಗಿಟ್‌ಸನ್ನರು ನೆಲ ಗೆದ್ದರೆಂದು ಅನೇಕರು ಬರೆಯುತ್ತಾರೆ. ಗೆಲ್ಲಲಿಲ್ಲ. ಕೋರ್ಟು ಮರುವಿಚಾರಣೆಗೆ ಆದೇಶಿಸಿ, ಕೂತು ಮಾತಾಡಿಕೊಳ್ಳುವುದೇ ಲೇಸೆಂದಿತು. ಆ ಮರುವಿಚಾರಣೆ ನಡೆಯಲೇ ಇಲ್ಲ. ನಿರ್ದಿಷ್ಟ ನೆಲಕ್ಕೆ ಮೂಲನಿವಾಸಿ ಒಡೆತನವನ್ನು ಅದೇ ಕೋರ್ಟು ಮೊದಲ ಬಾರಿಗೆ ಸಾರಿದ್ದು 2014ರಲ್ಲಿ, ಚಿಲ್‌ಕೋಟಿನ್ ಜನರ ಪಾಲಿಗೆ. ಅಲ್ಲೂ 339 ದಿನಗಳ ವಿಚಾರಣೆ.

ಅಷ್ಟು ದಿನದ ಖರ್ಚು ಯಾರದು? 2003ರ ಒಕನಾಗನ್ ತೀರ್ಪಿನ ನಂತರ, ಬಡ ಸಮುದಾಯದ ಕೇಸಿನಲ್ಲಿ ಸತ್ವವಿದ್ದು, ಅದು ಸಾರ್ವಜನಿಕ ಮಹತ್ವದ್ದಾಗಿದ್ದರೆ, ತೀರ್ಪಿಗೆ ಮುಂಚೆಯೇ ಎದುರು ಪಕ್ಷವಾದ ಸರ್ಕಾರದಿಂದ ಖರ್ಚು ಕೊಡಿಸಲು ಅವಕಾಶವಾಯಿತು. ಒಪ್ಪಂದದ ಮಾತುಕತೆಗೆ ಕೂತವರ ಪಾಡು ಬೇರೆ. ತಮ್ಮದೇ ನೆಲದ ಬಗ್ಗೆ ಮಾತಾಡಲು ಸರ್ಕಾರದಿಂದಲೇ ಸಾಲ ಪಡೆಯುತ್ತಿದ್ದರು. ಆ ಸಾಲಗಳನ್ನು ಮನ್ನಾ ಮಾಡುವುದಾಗಿ ಕೇಂದ್ರ ಸರ್ಕಾರ ಹೇಳಿದ್ದು 2019ರ ಬಜೆಟ್ಟಿನಲ್ಲಿ.

ಇಲ್ಲಿಂದ ಕಾನೂನು ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಪುರಾವೆಯೆಂದು ಒಪ್ಪುತ್ತವೆ. ದೇವರಕಾಡು, ಸ್ಮಶಾನ, ಹಳೆಯ ಬಾವಿಗಳನ್ನೂ ಒಪ್ಪುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕು ಪಡೆದರು. ಹಾಡಿಯಲ್ಲಿ ಹಿರಿಯರ ಪಕ್ಕ ಕೂತು, ಅವರ ಮಾತು ಕೆಡದಂತೆ ಬರೆದುಕೊಳ್ಳಬಲ್ಲ ವಕೀಲರು ಎಷ್ಟಿದ್ದಾರೆ? ಆ ಕೆಲಸಕ್ಕೆ ಹೊರಡುವವರು 1991ರ ತೀರ್ಪು, 1997ರ ತೀರ್ಪು ಎರಡನ್ನೂ ಓದಬೇಕು. ಮೊದಲು 1991ರದನ್ನೇ ಓದಿ. ಹತ್ತಿರ ಹತ್ತಿರ 400 ಪುಟ. ಕಿವಿಗೊಟ್ಟೂ ಕೇಳಿಸಿಕೊಳ್ಳದಿರುವುದು ಹೇಗೆಂದು ಪುಟಪುಟದಲ್ಲೂ ಕಾಣುತ್ತದೆ.