ಖರ್ಚಿನ ಪುಟದಲ್ಲಿ ಅಡಗಿದ ಇಂಜಿನ್



ನಾನು ಚಾರ್ಟರ್ಡ್ ಅಕೌಂಟೆಂಟ್, ರಾಕೆಟ್ ತಜ್ಞನಲ್ಲ. ಆದರೆ ದ್ರವ ಇಂಧನದ ಇಂಜಿನ್‌ಗಳ ಕಥೆಯಲ್ಲಿ ಲೆಕ್ಕಿಗ ಕೇಳಬೇಕಾದ ಪ್ರಶ್ನೆಯೊಂದಿದೆ: ಕೊಳ್ಳುವುದೋ, ನಾವೇ ಮಾಡಿಕೊಳ್ಳುವುದೋ?

2020ರ ಜುಲೈನಲ್ಲಿ ನಮ್ಮ ಎಮಿರೇಟ್ಸ್‌ನ 'ಹೋಪ್' ನೌಕೆ ಮಂಗಳನತ್ತ ಹೊರಟದ್ದು ಜಪಾನಿನ ಎಚ್-2ಎ ರಾಕೆಟ್ ಏರಿ. ಅದರ ಮುಖ್ಯ ಇಂಜಿನ್ ಉರಿಸುವುದು ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕವನ್ನು. ಹೈಡ್ರೋಜನ್ ದ್ರವವಾಗಿರಲು ಮೈನಸ್ 253 ಡಿಗ್ರಿಯ ಚಳಿ ಬೇಕು. ಕೆಲವೇ ಅಡಿ ದೂರದಲ್ಲಿ ಸುಮಾರು 3000 ಡಿಗ್ರಿಯ ಬೆಂಕಿ. ನೀರಿನ ಹದಿನಾಲ್ಕನೇ ಒಂದು ಭಾಗದಷ್ಟೇ ತೂಗುವ ಆ ದ್ರವವನ್ನು ಭಾರೀ ಒತ್ತಡದಲ್ಲಿ ನೂಕಲು ಪಂಪು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಬೇಕು.

1999ರಲ್ಲಿ ಜಪಾನಿನ ಹಿಂದಿನ ರಾಕೆಟ್ ಎಚ್-2 ವಿಫಲವಾದದ್ದು ಈ ಪಂಪಿನಿಂದಲೇ. ಅವರು ಸುಮಾರು 3000 ಮೀಟರ್ ಆಳದ ಕಡಲತಳದಿಂದ ಇಂಜಿನ್ ಎತ್ತಿ ತಂದು ಕಾರಣ ಹುಡುಕಿದರು.

ನಮ್ಮ ದೇಶದ ಕಥೆಯೂ ಹತ್ತಿರದ್ದೇ. ಉಡುಪಿ ಕಡೆಯ ಯು. ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1991ರಲ್ಲಿ ಸೋವಿಯತ್ ಸಂಸ್ಥೆಯೊಂದಿಗೆ ಇಂಜಿನ್ ಮತ್ತು ತಂತ್ರಜ್ಞಾನ ಎರಡಕ್ಕೂ ಒಪ್ಪಂದವಾಯಿತು. ಅಮೆರಿಕದ ಒತ್ತಡದಿಂದ 1993ರಲ್ಲಿ ತಂತ್ರಜ್ಞಾನ ಕೈತಪ್ಪಿತು. ಕೊನೆಗೆ ಸಿಕ್ಕಿದ್ದು ಏಳು ಸಿದ್ಧ ಇಂಜಿನ್. ನಾವೇ ಮಾಡಿದ ಇಂಜಿನ್ 2010ರ ಏಪ್ರಿಲ್ 15ರಂದು ಹಾರಿತು. ಇಂಧನದ ಸಹಾಯಕ ಪಂಪು ನಿಂತು ಸೋತಿತು. 2014ರ ಜನವರಿ 5ರಂದು ಗೆದ್ದಿತು. 2023ರಲ್ಲಿ ಚಂದ್ರಯಾನ-3 ಹೊತ್ತ ರಾಕೆಟ್‌ನ ಮೇಲಿನ ಹಂತದಲ್ಲಿ ಇದ್ದದ್ದು ನಮ್ಮದೇ, ಇನ್ನೂ ದೊಡ್ಡ, ಸುಮಾರು 20 ಟನ್ ನೂಕುಬಲದ ಇಂಜಿನ್.

ಈಗ ಲೆಕ್ಕದ ಮಾತು. ಇಲ್ಲಿ ನಾವು ಪಾಲಿಸುವ ಅಂತರರಾಷ್ಟ್ರೀಯ ನಿಯಮದಂತೆ ಸಂಶೋಧನೆಯ ಹಣವೆಲ್ಲ ಆ ವರ್ಷದ ಖರ್ಚು. ಕೊಂಡ ಇಂಜಿನ್ ಆಸ್ತಿಪಟ್ಟಿಗೆ ಸೇರುತ್ತದೆ. ಕಡಲತಳದಿಂದ ಕಲಿತದ್ದು ಸೇರುವುದಿಲ್ಲ. ನಿಯಮ ತಪ್ಪೆಂದಲ್ಲ. ಆದರೆ ಬರೀ ಆಸ್ತಿಪಟ್ಟಿ ನೋಡಿ ತೀರ್ಮಾನಿಸಿದರೆ ಕೊಳ್ಳುವುದೇ ಲಾಭವೆಂದು ಕಾಣುತ್ತದೆ. ಏಳು ಇಂಜಿನ್‌ಗಳು ಒಂದು ದಿನ ಮುಗಿಯುತ್ತವೆ. ಎಂಟನೆಯದನ್ನು ಮಾಡಲು ಬಲ್ಲವರು ಬೇಕು.

ಅಂಥವರು ಈಗ ಸೀಮೆಎಣ್ಣೆ–ಆಮ್ಲಜನಕದ, 200 ಟನ್ ನೂಕುಬಲದ ಇಂಜಿನ್ ಕಟ್ಟುತ್ತಿದ್ದಾರೆ. 2025ರ ಮಾರ್ಚ್ 28ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದರ ಪಂಪು ಭಾಗವನ್ನು ಉರಿಸಿ ನೋಡಿದ್ದು ಬರೀ ಎರಡೂವರೆ ಸೆಕೆಂಡ್.

ನಮ್ಮ ಕಂಪನಿಗಳಲ್ಲಿ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ತರಬೇತಿಯ ಹಣಕ್ಕೆ. ಬಜೆಟ್ ಸಭೆಯಲ್ಲಿ ಕೂರುವ ನಿಮ್ಮಲ್ಲಿ ನನ್ನದೊಂದು ವಿನಂತಿ: ಆ ಸಾಲನ್ನು ಹೊಡೆದುಹಾಕುವ ಮುನ್ನ, ಆ ಕೆಲಸ ಬಲ್ಲವರು ನಮ್ಮಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂದು ಒಮ್ಮೆ ಕೇಳಿ.